ಬೋಲ್ಟ್ ಬಿಗಿದವನಿಗೆ ಮಾತ್ರ ಶಿಕ್ಷೆಯಾ? ನಮ್ಮನೆ ಗುಂಪಿನಲ್ಲಿ ನಡೆದ ವಾದ

ಕಿರಣ: ನಾನು ಗುಂಪಿಗೆ ಹಾಕಿರುವ ತೀರ್ಪು ಎಲ್ಲರೂ ಓದಿ. ಅಮೆರಿಕದ ರೈಲ್ವೆಯಲ್ಲಿ ಒಬ್ಬ ಹಳಿ ಜಾಯಿಂಟ್ ರಿಪೇರಿ ಅರ್ಧಂಬರ್ಧ ಮಾಡಿ ಬಿಟ್ಟಿದ್ದ. ಕಂಪನಿ ಸಸ್ಪೆಂಡ್ ಮಾಡಿತು. ಯೂನಿಯನ್ ಮಧ್ಯಸ್ಥಿಕೆ ಮಂಡಳಿಗೆ ಹೋದರೂ ಶಿಕ್ಷೆ ಹಾಗೇ ಉಳಿಯಿತು. ನನ್ನ ಕೇಳಿದರೆ ಕೆಲಸದಿಂದಲೇ ತೆಗೆಯಬೇಕಿತ್ತು.

ಮಂಜು: ಕಿರಣಣ್ಣ, ರೈಲ್ವೆಯ ಹಳಿ ಗ್ಯಾಂಗಿನಲ್ಲಿರುವ ನಮಗೆ ಗೊತ್ತು, ಏನೇ ಆದರೂ ಸ್ಪ್ಯಾನರ್ ಹಿಡಿದವನ ತಲೆಗೇ ಬರುತ್ತದೆ. ಬ್ಲಾಕ್, ಅಂದರೆ ಗಾಡಿ ನಿಲ್ಲಿಸಿ ಹಳಿ ಕೆಲಸಕ್ಕೆ ಬಿಡುವ ಸಮಯ, ಎಷ್ಟು ಹೊತ್ತು ಕೊಟ್ಟಿದ್ದರು, ಗ್ಯಾಂಗಿನಲ್ಲಿ ಎಷ್ಟು ಜನ ಇದ್ದರು, ಇದನ್ನ ಯಾರೂ ಕೇಳುವುದಿಲ್ಲ.

ಕಿರಣ: ಮಂಡಳಿ ಕೇಳಿರುತ್ತದೆ ಅಲ್ವಾ? ಅಲ್ಲಿ ಯೂನಿಯನ್ ಕಡೆಯವರೂ ಇರುತ್ತಾರೆ.

ಸುಮಕ್ಕ: ಇರುತ್ತಾರೆ. ಅಲ್ಲಿ 1926ರ ರೈಲ್ವೆ ಕಾರ್ಮಿಕ ಕಾಯ್ದೆ ಇದೆ. 1934ರ ತಿದ್ದುಪಡಿಯಲ್ಲಿ ಷಿಕಾಗೋದಲ್ಲಿ ಮಂಡಳಿ ಬಂತು. ಅರ್ಧ ಸದಸ್ಯರು ಕಂಪನಿಗಳ ಕಡೆಯವರು, ಅರ್ಧ ಯೂನಿಯನ್ ಕಡೆಯವರು. ಸಮಸಮ ಆದರೆ ಹೊರಗಿನ ಒಬ್ಬ ತಟಸ್ಥರು ಬಂದು ತೀರ್ಮಾನ ಹೇಳುತ್ತಾರೆ. ಆದರೆ ಅವರು ಸಾಕ್ಷಿಗಳನ್ನು ಹೊಸದಾಗಿ ಕರೆಸುವುದಿಲ್ಲ. ಕಂಪನಿಯ ವಿಚಾರಣೆಯಲ್ಲಿ ಬರೆದುಕೊಂಡ ಕಡತ ಮಾತ್ರ ನೋಡುತ್ತಾರೆ. ಆರೋಪಕ್ಕೆ ಸಾಕಷ್ಟು ಆಧಾರ ಅದರಲ್ಲಿ ಇದೆಯಾ, ಶಿಕ್ಷೆ ಮನಸ್ಸಿಗೆ ಬಂದ ಹಾಗೆ ಕೊಟ್ಟಿದ್ದಾ, ಇಷ್ಟೇ ಪ್ರಶ್ನೆ.

ದೊಡ್ಡಪ್ಪ: ಗಂಟು ಇರುವುದೇ ಅಲ್ಲಿ ಕಣಮ್ಮ. ಆ ಮೊದಲ ವಿಚಾರಣೆ ನಡೆಸುವವನು ಕಂಪನಿಯ ಅಧಿಕಾರಿನೇ. ಅಲ್ಲಿ ಬಾಯಿ ಬಿಡದ ಮಾತು ಆಮೇಲೆ ಯಾವ ಮಂಡಳಿಗೂ ಕೇಳಿಸುವುದಿಲ್ಲ.

ಕಿರಣ: ದೊಡ್ಡಪ್ಪ, ನೀವು ಗ್ಯಾಂಗಿನಲ್ಲಿ ಇದ್ದವರು, ಅದಕ್ಕೇ ಅವನ ಪರ ಮಾತಾಡುತ್ತಿದ್ದೀರಿ. ಮಾಡದ ಕೆಲಸ ಮಾಡಿದೆ ಅಂತ ಸಹಿ ಹಾಕಿದರೆ?

ದೊಡ್ಡಪ್ಪ: ಹಾಗೆ ಸಹಿ ಹಾಕಿದ್ದರೆ ಶಿಕ್ಷೆ ಆಗಲಿ, ನಾನು ಅಡ್ಡ ಬರುವುದಿಲ್ಲ. ಆದರೆ ಜಾಯಿಂಟ್ ಕೆಲಸ ಅಂದರೆ ಏನು ಅಂತ ನೋಡಿದ್ದೀಯಾ? ಎರಡು ಹಳಿಗಳ ತುದಿ ಸೇರಿಸುವ ಪಟ್ಟಿ, ಫಿಶ್‌ಪ್ಲೇಟ್, ಬಿಚ್ಚಬೇಕು. ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಬೇಕು. ಬೋಲ್ಟ್ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಬೇಕು. ಗ್ರೀಸ್ ಹಚ್ಚಿ ಮತ್ತೆ ಬಿಗಿಯಬೇಕು. ಸಕಲೇಶಪುರದಿಂದ ಕೆಳಗೆ ಘಾಟಿನಲ್ಲಿ 50 ಅಡಿಗೆ 1 ಅಡಿ ಇಳಿಜಾರು. ಜುಲೈ ಮಳೆಯಲ್ಲಿ ಕೈ ಜಾರುತ್ತಿರುತ್ತದೆ, ಅಷ್ಟರಲ್ಲಿ ಗಾಡಿ ಬಿಡಬೇಕು ಮುಗಿಸಿ ಅಂತ ಮೇಲಿಂದ ಫೋನು. ಆಗ ಬಿಟ್ಟುಹೋದ ಬೋಲ್ಟಿಗೆ ಯಾರು ಹೊಣೆ? ಬಿಗಿದವನೂ ಹೌದು, ಅವಸರ ಮಾಡಿದವನೂ ಹೌದು. ಕಡತದಲ್ಲಿ ಮಾತ್ರ ಬಿಗಿದವನ ಹೆಸರೊಂದೇ ಇರುತ್ತದೆ.

ಕಿರಣ: ಹೀಗೆ ಮೇಲೆ ಮೇಲೆ ತಳ್ಳುತ್ತಾ ಹೋದರೆ ಕೊನೆಗೆ ಯಾರೂ ಹೊಣೆ ಆಗುವುದಿಲ್ಲ.

ಸುಮಕ್ಕ: ತಳ್ಳುವುದಲ್ಲ ಕಿರಣ, ಹಂಚುವುದು. 2023ರ ಜೂನ್ 2ರ ಬಾಲಸೋರ್ ಅಪಘಾತ ನೆನಪಿದೆಯಾ? ಅದರ ಮೂಲ ಸಿಗ್ನಲ್ ಸರ್ಕ್ಯೂಟ್ ಬದಲಾಯಿಸಿದ ಕೆಲಸದಲ್ಲಿತ್ತು. ಸುರಕ್ಷತಾ ಆಯುಕ್ತರ ವರದಿ ಲೋಪ ಹಲವು ಹಂತಗಳಲ್ಲಿ ಆಗಿದೆ ಅಂತ ಹೇಳಿತು. ಒಬ್ಬನನ್ನು ಹಿಡಿದು ಕಡತ ಮುಚ್ಚಿದ್ದರೆ ಉಳಿದ ಹಂತಗಳು ಹಾಗೇ ಇರುತ್ತಿದ್ದವು.

ಲತಾ ಚಿಕ್ಕಮ್ಮ: ಮೊಮ್ಮಗಳನ್ನು ಕರೆದುಕೊಂಡು ಅದೇ ಘಾಟಿನಲ್ಲಿ ಮಂಗಳೂರಿಗೆ ಹೋಗುವವಳು ನಾನು. ಯಾರಿಗೆ ಶಿಕ್ಷೆ ಆಯಿತು ಅನ್ನುವುದು ನನಗೆ ಆಮೇಲಿನ ಮಾತು. ಆ ಬೋಲ್ಟ್ ಬಿಗಿಯಾಗಿರಬೇಕು.

ದೊಡ್ಡಪ್ಪ: ಸರಿಯಾಗಿ ಹೇಳಿದೆ ಲತಾ. ಹೆದರಿದ ಹುಡುಗ ತಪ್ಪು ಮುಚ್ಚಿಡುತ್ತಾನೆ. ಇದು ಅರ್ಧ ಆಗಿದೆ, ಗಾಡಿ ನಿಧಾನ ಬಿಡಿ ಅಂತ ಹೇಳಿದವನಿಗೆ ಮೆಮೋ ಕೊಟ್ಟರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ. ಅದು ಇನ್ನೂ ಅಪಾಯ.

ಮಂಜು: ಸುಮಕ್ಕ, ನಮಗೆ ಅಂಥ ಮಂಡಳಿ ಇಲ್ವಾ?

ಸುಮಕ್ಕ: ಆ ಥರದ್ದು ಇಲ್ಲ. ನಿಮಗೆ 1968ರ ಶಿಸ್ತು ಮತ್ತು ಮೇಲ್ಮನವಿ ನಿಯಮ. ಆರೋಪಪಟ್ಟಿ ಕೊಡುವ ನಮೂನೆ ಸಣ್ಣ ಶಿಕ್ಷೆಗೆ ಎಸ್‌ಎಫ್-11, ದೊಡ್ಡದಕ್ಕೆ ಎಸ್‌ಎಫ್-5. ದೊಡ್ಡದರ ವಿಚಾರಣೆಯಲ್ಲಿ ಸಹಾಯಕ್ಕೆ ಬೇರೆ ರೈಲ್ವೆ ನೌಕರರನ್ನೋ ನಿವೃತ್ತರನ್ನೋ ಕೂರಿಸಿಕೊಳ್ಳಬಹುದು. ಶಿಕ್ಷೆ ಆದರೆ ಮೇಲ್ಮನವಿಗೆ 45 ದಿನ. ಆಮೇಲೆ ಬೆಂಗಳೂರಿನ ಆಡಳಿತ ನ್ಯಾಯಮಂಡಳಿ. ಅಲ್ಲೂ ಸಾಕ್ಷಿಯನ್ನು ಮೊದಲಿಂದ ತೂಗುವುದಿಲ್ಲ, ಮೊದಲ ವಿಚಾರಣೆ ಕ್ರಮವಾಗಿ ನಡೆಯಿತಾ ಅಂತ ನೋಡುತ್ತಾರೆ.

ದೊಡ್ಡಪ್ಪ: ಅದಕ್ಕೇ ಮಗಾ, ಕೆಲಸ ಉಳಿದರೆ ಅವತ್ತೇ ಬರೆದು ಕೊಡು. ಎಷ್ಟು ಹೊತ್ತಿಗೆ ಬ್ಲಾಕ್ ಸಿಕ್ಕಿತು, ಯಾವ ಸಾಮಾನು ಇರಲಿಲ್ಲ, ಯಾರಿಗೆ ಹೇಳಿದೆ, ಎಲ್ಲ ಬರಲಿ. ಒಂದು ಪ್ರತಿಗೆ ತಲುಪಿತು ಅಂತ ಸಹಿ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೋ.

ಕಿರಣ: ತೀರ್ಪು ಮತ್ತೆ ಓದಿದೆ. ಇವನು ಹಾಗೆ ಯಾರಿಗೂ ಹೇಳಿಲ್ಲ, ಬರೆದೂ ಕೊಟ್ಟಿಲ್ಲ. ಕೆಲಸದಿಂದ ತೆಗೆಯಬೇಕು ಅನ್ನುವ ಮಾತು ವಾಪಸ್ ತಗೊಳ್ಳುತ್ತೇನೆ. ಸಸ್ಪೆಂಡ್ ಮಾಡಿದ್ದು ಸರಿಯೇ.

ದೊಡ್ಡಪ್ಪ: ಹಾಗಾದರೆ ಅದಕ್ಕೆ ನನ್ನದೂ ಒಪ್ಪಿಗೆ. ಅವನ ಕೆಲಸ ನೋಡಿ ಗಾಡಿ ಬಿಟ್ಟ ಮೇಲಿನವನಿಗೆ ಏನಾಯಿತು ಅಂತ ಅದರಲ್ಲಿ ಇದೆಯಾ?

ಕಿರಣ: ಇಲ್ಲ ದೊಡ್ಡಪ್ಪ. ಅವನ ಬಗ್ಗೆ ಒಂದು ಸಾಲೂ ಇಲ್ಲ.