ನಿಕ್ಷೇಪದ ಶಿಲೆ ಬಿಗಿಯಾದರೂ ತರಂಗ ತಡವಾಗಿ ಮರಳುವುದೇಕೆ?

ಪ್ರಶ್ನೆ

ಒಂದೇ ತೈಲ ನಿಕ್ಷೇಪದ ಮೇಲೆ ಕೆಲವು ವರ್ಷಗಳ ಅಂತರದಲ್ಲಿ ನಡೆಸಿದ ಎರಡು ಭೂಕಂಪನ ತರಂಗ ಸಮೀಕ್ಷೆಗಳನ್ನು (ನೆಲದೊಳಗೆ ತರಂಗ ಕಳಿಸಿ, ಅದು ಪ್ರತಿಫಲಿಸಿ ಮರಳುವ ಸಮಯ ಅಳೆಯುವುದು) ಹೋಲಿಸುವ ವಿಧಾನವನ್ನು ಅಭ್ಯಾಸ ಮಾಡುತ್ತಿದ್ದೇನೆ. ತೈಲ ಹೊರಬಂದಂತೆ ಶಿಲೆಯ ಕಣಗಳ ನಡುವಿನ ರಂಧ್ರಗಳೊಳಗಿನ ದ್ರವದ ಒತ್ತಡ ಇಳಿದು, ಮೇಲಿನ ಪದರಗಳ ಭಾರವನ್ನು ಹೆಚ್ಚಾಗಿ ಕಣಗಳೇ ಹೊರಬೇಕಾಗುವುದರಿಂದ, ಶಿಲೆ ಬಿಗಿಯಾಗಿ ತರಂಗದ ವೇಗ ಹೆಚ್ಚಬೇಕಲ್ಲವೇ? ಆದರೆ ನಿಕ್ಷೇಪದ ಮೇಲ್ಮೈಯಿಂದ ಪ್ರತಿಫಲಿಸಿದ ತರಂಗ ಎರಡನೆಯ ಸಮೀಕ್ಷೆಯಲ್ಲಿ ತಡವಾಗಿ ಬಂದ ಉದಾಹರಣೆಗಳೇ ನನಗೆ ಸಿಗುತ್ತಿವೆ. ನಾನು ಎಡವಿದ್ದೆಲ್ಲಿ?

ಉತ್ತರ 1

ನಿಕ್ಷೇಪದ ಮಟ್ಟಿಗೆ ನಿಮ್ಮ ತರ್ಕ ಸರಿಯಾಗಿಯೇ ಇದೆ. ಆದರೆ ಮೇಲ್ಮೈಯಿಂದಲೇ ಮರಳಿದ ತರಂಗ ನಿಕ್ಷೇಪದೊಳಗೆ ಹೋಗಿಯೇ ಇಲ್ಲವಲ್ಲ! ನಿಕ್ಷೇಪ ಕುಗ್ಗಿದಾಗ ಅದರ ಮೇಲಿನ ಶಿಲೆ ಅಷ್ಟೇ ಪ್ರಮಾಣದಲ್ಲಿ ಕೆಳಗಿಳಿಯದೆ, ತನ್ನ ಭಾರದ ಒಂದು ಪಾಲನ್ನು ಕಮಾನಿನಂತೆ ಅಕ್ಕಪಕ್ಕಕ್ಕೆ ದಾಟಿಸಿ, ತಾನು ಲಂಬ ದಿಕ್ಕಿನಲ್ಲಿ ತುಸು ಹಿಗ್ಗುತ್ತದೆ. ಆಗ ಕಣಗಳ ಸಂಪರ್ಕ ಸಡಿಲಗೊಂಡು, ಸೂಕ್ಷ್ಮ ಬಿರುಕುಗಳು ತೆರೆದುಕೊಂಡು ವೇಗ ಇಳಿಯುತ್ತದೆ. ದಾರಿಯೂ ಅತ್ಯಲ್ಪ ಉದ್ದವಾಗುತ್ತದೆ. ಒಂದೇ ಪ್ರಮಾಣದ ವಿರೂಪಕ್ಕೆ, ಹಿಗ್ಗುವಾಗ ಇಳಿಯುವ ವೇಗವು ಕುಗ್ಗುವಾಗ ಏರುವ ವೇಗಕ್ಕಿಂತ ಹೆಚ್ಚೆಂಬುದನ್ನು ಭೂಭೌತ ವಿಜ್ಞಾನಿಗಳಾದ ಹ್ಯಾಚೆಲ್ ಮತ್ತು ಬೋರ್ನ್ 2005ರಲ್ಲಿ ತೋರಿಸಿದರು. ಹೀಗಾಗಿ ನಿಕ್ಷೇಪದ ತಳದಿಂದ ಬರುವ ತರಂಗದಲ್ಲೂ ಮೇಲಿನ ಪದರಗಳಲ್ಲಾದ ವಿಳಂಬ ಪೂರ್ತಿ ಅಳಿಸಿಹೋಗದೆ ಉಳಿಯಬಹುದು.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ನಿಕ್ಷೇಪದೊಳಗಿನ ಪ್ರತಿಯೊಂದು ಬದಲಾವಣೆಗೂ ಒತ್ತಡವೇ ಕಾರಣವೆನ್ನುವುದು ಅವಸರದ ಮಾತು. ಒತ್ತಡ ಇಳಿದಾಗ ತೈಲದಿಂದ ಅನಿಲ ಬೇರ್ಪಟ್ಟರೆ, ಅದರ ಸ್ವಲ್ಪ ಪ್ರಮಾಣವೇ ಪಿ ತರಂಗದ (ಸಾಗುವ ದಿಕ್ಕಿನಲ್ಲೇ ಶಿಲೆಯನ್ನು ಒತ್ತಿ ಹಿಗ್ಗಿಸುವ ತರಂಗ) ವೇಗವನ್ನು ಗಣನೀಯವಾಗಿ ತಗ್ಗಿಸುತ್ತದೆ. ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ಎಸ್ ತರಂಗದ ಮೇಲೆ, ಸಾಂದ್ರತೆಯ ಅಲ್ಪ ವ್ಯತ್ಯಾಸವೊಂದನ್ನು ಬಿಟ್ಟರೆ, ದ್ರವದ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಿದರೆ ಒತ್ತಡದ ಪಾತ್ರವನ್ನು ದ್ರವದ ಪಾತ್ರದಿಂದ ಬೇರ್ಪಡಿಸಬಹುದು. ಇದಲ್ಲದೆ ಶಿಲೆಯನ್ನು ಅಡ್ಡಲಾಗಿ ಒತ್ತುವ ಸಮತಲ ಒತ್ತಡಗಳು ಬೇರೆಬೇರೆ ದಿಕ್ಕಿನಲ್ಲಿ ಅಸಮಾನವಾಗಿರುವ ಕಡೆ ಎಸ್ ತರಂಗ ಎರಡಾಗಿ ಸೀಳುತ್ತದೆ. ವೇಗವಾಗಿ ಸಾಗುವ ಭಾಗ ಸಾಮಾನ್ಯವಾಗಿ ಗರಿಷ್ಠ ಸಮತಲ ಒತ್ತಡದ ದಿಕ್ಕಿನಲ್ಲಿಯೇ ಕಂಪಿಸುತ್ತದೆ. ಈ ಸಮತಲ ಒತ್ತಡದ ದಿಕ್ಕು ತಿರುಗಿದ್ದನ್ನು ಗುರುತಿಸಲು ಇದಕ್ಕಿಂತ ನೇರವಾದ ಸುಳಿವು ನನಗೆ ಕಂಡಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನೀರು ತುಂಬಿ ಒತ್ತಡವನ್ನು ಹಿಂದಿನ ಮಟ್ಟಕ್ಕೆ ತಂದರೆ ವೇಗವೂ ಮೊದಲಿನಂತಾಗುತ್ತದೆಯೇ?

ಉತ್ತರ 1

ಸ್ಥಿತಿಸ್ಥಾಪಕವಾಗಿ ವರ್ತಿಸುವ ಗಟ್ಟಿ ಮರಳುಗಲ್ಲಿನಲ್ಲಿ ಬಹುಮಟ್ಟಿಗೆ ಹೌದು. ಸೀಮೆಸುಣ್ಣದ ಶಿಲೆಯಲ್ಲಿ ಅಲ್ಲ, ಏಕೆಂದರೆ ಅಲ್ಲಿ ಒಮ್ಮೆ ಕುಸಿದ ರಂಧ್ರ ಮತ್ತೆ ತೆರೆದುಕೊಳ್ಳುವುದಿಲ್ಲ. ಉತ್ತರ ಸಮುದ್ರದಲ್ಲಿ ಇಂಥದೇ ಶಿಲೆಯ ತೈಲಕ್ಷೇತ್ರವಾದ ಎಕೋಫಿಸ್ಕ್‌ನಲ್ಲಿ ಸಮುದ್ರತಳ ಕುಸಿಯುತ್ತಿರುವುದು 1984ರಲ್ಲಿ ತಿಳಿದುಬಂದು, 1987ರಲ್ಲಿ ಸಮುದ್ರದ ಮೇಲಿನ ತೈಲ ವೇದಿಕೆಗಳನ್ನೇ 6 ಮೀಟರ್ ಎತ್ತರಿಸಬೇಕಾಯಿತು. ಅದೇ ವರ್ಷ ದೊಡ್ಡ ಪ್ರಮಾಣದಲ್ಲಿ ನೀರು ತುಂಬಲು ಆರಂಭಿಸಿದರೂ ಕುಸಿತ ಬಹುಕಾಲ ಮುಂದುವರಿಯಿತು. ನೀರೇ ಆ ಶಿಲೆಯನ್ನು ದುರ್ಬಲಗೊಳಿಸುತ್ತಿತ್ತು.