ಬೇಸಿಗೆಗೆ ಹಳೆಯ ಇಂಗ್ಲಿಷ್ ಹಾಡುಗಳು: ಯಾವುವನ್ನು ಆರಿಸಲಿ, ಯಾವ ಮುದ್ರಣವನ್ನು ಕೇಳಲಿ?

ಪ್ರಶ್ನೆ (ಹಳೆಯಕ್ಯಾಸೆಟ್)

1955ರಿಂದ 1970ರವರೆಗಿನ ಇಂಗ್ಲಿಷ್ ಜನಪ್ರಿಯ ಗೀತೆಗಳನ್ನು ಆರಿಸಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೇಳಲೆಂದು ಒಂದು ಗಂಟೆಯ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಆಗಿನ ಹಾಡುಗಳು ಹೆಚ್ಚಾಗಿ ಎರಡೂವರೆ, ಮೂರು ನಿಮಿಷಗಳಲ್ಲಿ ಮುಗಿಯುತ್ತಿದ್ದುದರಿಂದ ಇಪ್ಪತ್ತಾದರೂ ಬೇಕಾಗುತ್ತವೆ. ಹೆಸರಿನಲ್ಲಿ 'ಸಮ್ಮರ್' ಇರುವುದನ್ನೆಲ್ಲ ಒಟ್ಟುಹಾಕಿ ನೋಡಿದೆ. ಆರನೆಯ ಹಾಡಿಗೇ ಕಡಲತೀರ, ರಜೆ, ಹುಡುಗಿ ಎಂಬ ಮೂರು ಮಾತುಗಳು ಕಿವಿಗೆ ಸಾಕಾಗಿಹೋದವು.

ಇನ್ನೊಂದು ತೊಡಕೂ ಇದೆ. ಚಿಕ್ಕಂದಿನಲ್ಲಿ ಕ್ಯಾಸೆಟ್ ಸವೆಯುವಷ್ಟು ಸಲ ಕೇಳಿದ್ದ ದಿ ಡ್ರಿಫ್ಟರ್ಸ್ ತಂಡದ 'ಅಂಡರ್ ದಿ ಬೋರ್ಡ್‌ವಾಕ್' ಹಾಡನ್ನು ಈಗ ಫೋನಿನಲ್ಲಿ ಹಾಕಿದರೆ ಅದೇ ಹಾಡೆಂದು ಅನಿಸುವುದೇ ಇಲ್ಲ. ತಂಡದ ಹೆಸರು ಅದೇ, ಸಾಹಿತ್ಯವೂ ಅದೇ, ಆದರೆ ಡ್ರಮ್ಮಿನ ಪೆಟ್ಟು ತಗಡಿನ ಮೇಲೆ ಬಿದ್ದಂತೆ ಕೇಳುತ್ತದೆ, ಗಾಯಕನ ದನಿಗೆ ವಯಸ್ಸಾಗಿದೆ. ಬದಲಾಗಿರುವುದು ನನ್ನ ನೆನಪೋ ಅಥವಾ ಹಾಡೋ?

ಉತ್ತರ (ಮೂರನೆಯಚರಣ)

ಆಯ್ಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಮಟ್ಟಿಗೆ ಉಳಿದುಕೊಂಡಿರುವ ಬೇಸಿಗೆಯ ಹಾಡುಗಳೆಲ್ಲ ಬಿಸಿಲನ್ನು ಹೊಗಳಿದವಲ್ಲ, ಬಿಸಿಲಿನ ಜೊತೆಗೆ ಒಂದಿಷ್ಟು ನೆರಳನ್ನೂ ಇಟ್ಟುಕೊಂಡವು.

ನೀವು ಹೆಸರಿಸಿದ ಹಾಡನ್ನೇ ತೆಗೆದುಕೊಳ್ಳಿ. ಚರಣದಲ್ಲಿ ಸುಡುವ ಬಿಸಿಲಿನ ವರ್ಣನೆಯಿದೆ, ಆದರೆ ರಾಗ ಮೇಜರ್ ಸ್ವರಗಳಲ್ಲಿ ಹಾಯಾಗಿ ನಡೆಯುತ್ತದೆ. ಪ್ರೇಮಿಗಳು ಹಲಗೆಯ ಕಾಲುದಾರಿಯ ಕೆಳಗೆ ಸೇರಿಕೊಳ್ಳುವ ಪಲ್ಲವಿ ಬಂದ ಕೂಡಲೇ ಸಂಗೀತ ಮೈನರ್‌ಗೆ ಹೊರಳುತ್ತದೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಅಂತರ ಗಾಂಧಾರ ಇದ್ದಲ್ಲಿ ಸಾಧಾರಣ ಗಾಂಧಾರ ಬಂದು ಕುಳಿತಂತೆ. ಬೆಳಕಿನಿಂದ ಒಳಗೆ ಬಂದಾಗ ಕಣ್ಣಿಗೆ ಕ್ಷಣಕಾಲ ಕತ್ತಲೆ ಕವಿಯುತ್ತದಲ್ಲ, ಅದು ಇಲ್ಲಿ ಕಿವಿಗೆ ಆಗುತ್ತದೆ. ಇದರ ಮುದ್ರಣ ನಡೆದದ್ದು 1964ರ ಮೇ 21ರಂದು. ಹಾಡಬೇಕಾಗಿದ್ದ ರೂಡಿ ಲೂಯಿಸ್ ಅದರ ಹಿಂದಿನ ದಿನವಷ್ಟೇ ತೀರಿಕೊಂಡಿದ್ದರಿಂದ ಜಾನಿ ಮೂರ್ ಅದನ್ನು ಹಾಡಿದರು. ಈ ಸಂಗತಿ ತಿಳಿಯದೆ ಕೇಳಿದವರಿಗೂ ಪಲ್ಲವಿಯಲ್ಲಿ ಏನೋ ಅಳುಕು ತಾಗುತ್ತದೆ.

ಇದರ ಬೆನ್ನಿಗೇ ದಿ ಲವಿನ್ ಸ್ಪೂನ್‌ಫುಲ್ ತಂಡದ 'ಸಮ್ಮರ್ ಇನ್ ದಿ ಸಿಟಿ' (1966) ಹಾಕಿ. ಇಲ್ಲಿ ಲೆಕ್ಕ ತಿರುಗಾಮುರುಗಾ ಆಗುತ್ತದೆ: ಕಾದ ರಸ್ತೆಯ ಹಗಲು ಮೈನರ್‌ನಲ್ಲಿ, ತಂಪಾದ ರಾತ್ರಿ ಮೇಜರ್‌ನಲ್ಲಿ. ನಡುವೆ ಕಾರುಗಳ ಹಾರ್ನ್ ಮತ್ತು ರಸ್ತೆ ಒಡೆಯುವ ಯಂತ್ರದ ಸದ್ದು. ಈ ಎರಡು ಹಾಡುಗಳನ್ನು ಒಂದಾದ ಮೇಲೊಂದು ಕೇಳಿದರೆ ನಿಮ್ಮ ಪಟ್ಟಿಯ ಬೆನ್ನೆಲುಬು ಸಿಕ್ಕಂತೆ.

ಕೊನೆಗೆ ಓಟಿಸ್ ರೆಡ್ಡಿಂಗ್ ಇರಲಿ. 'ದಿ ಡಾಕ್ ಆಫ್ ದಿ ಬೇ' ಹಾಡಿನ ಮುದ್ರಣ ನಡೆದ ಕೆಲವೇ ದಿನಗಳಲ್ಲಿ, 1967ರ ಡಿಸೆಂಬರ್ 10ರಂದು ಅವರು ವಿಮಾನ ಅಪಘಾತದಲ್ಲಿ ಸತ್ತರು. ಅಲೆ ಮತ್ತು ಕಡಲಹಕ್ಕಿಗಳ ಸದ್ದನ್ನು ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಆಮೇಲೆ ಸೇರಿಸಿದರು. ಕೊನೆಯ ಸಿಳ್ಳೆ ಮುಗಿದ ಮೇಲೆ ಇನ್ನೊಂದು ಹಾಡನ್ನು ಕೇಳುವ ಮನಸ್ಸಾಗುವುದಿಲ್ಲವಾದ್ದರಿಂದ ಅದನ್ನು ನಡುವೆಲ್ಲೂ ಹಾಕಬೇಡಿ.

ಉತ್ತರ (ಮೋನೋಪಕ್ಷ)

ನಿಮ್ಮ ನೆನಪು ಸರಿಯಾಗಿಯೇ ಇದೆ, ಬದಲಾಗಿರುವುದು ಹಾಡು. ಆ ಕಾಲದ ಅನೇಕ ಗಾಯಕರು ಮುಂದೆ ಬೇರೆ ಕಂಪನಿಗಳಿಗಾಗಿ ತಮ್ಮ ಹಳೆಯ ಹಾಡುಗಳನ್ನು ಮತ್ತೆ ಹಾಡಿ ಮುದ್ರಿಸಿದರು. ಮೂಲ ಮುದ್ರಣದ ಹಕ್ಕು ಮೊದಲ ಕಂಪನಿಯ ಕೈಯಲ್ಲಿರುತ್ತಿದ್ದುದರಿಂದ, ಅಗ್ಗದ ಸಂಕಲನಗಳನ್ನು ಹೊರತರುವವರಿಗೆ ಇದು ಸುಲಭದ ದಾರಿಯಾಗಿತ್ತು. ಆ ಸಂಕಲನಗಳೇ ಈಗ ಆ್ಯಪ್‌ಗಳಿಗೂ ಬಂದಿವೆ. ಹಾಡಿನ ವಿವರದಲ್ಲಿ 'ರೀ-ರೆಕಾರ್ಡೆಡ್' ಎಂದಿದೆಯೇ ನೋಡಿ. ಇಲ್ಲದಿದ್ದರೆ ಮುದ್ರಣದ ವರ್ಷವನ್ನೂ ಹಾಡಿನ ಅವಧಿಯನ್ನೂ ಮೂಲದೊಂದಿಗೆ ಹೋಲಿಸಿ. 'ರೀಮಾಸ್ಟರ್ಡ್' ಎಂಬುದು ಬೇರೆಯೇ ಸಂಗತಿ, ಅಲ್ಲಿ ಹಳೆಯ ಟೇಪನ್ನೇ ತಿದ್ದಿರುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ.

ಮೋನೋ (ಎಲ್ಲ ಸದ್ದೂ ಒಂದೇ ಹಾದಿಯಲ್ಲಿ), ಸ್ಟೀರಿಯೋ (ಎಡಕ್ಕೆ, ಬಲಕ್ಕೆ ಬೇರೆ ಬೇರೆಯಾಗಿ) ವ್ಯತ್ಯಾಸವನ್ನೂ ಗಮನಿಸಬೇಕು. 1960ರ ದಶಕದ ಎಷ್ಟೋ ಸ್ಟೀರಿಯೋ ಮಿಶ್ರಣಗಳಲ್ಲಿ ಗಾಯನವನ್ನು ಒಂದು ಬದಿಗೂ ವಾದ್ಯಗಳನ್ನು ಇನ್ನೊಂದು ಬದಿಗೂ ತಳ್ಳಿರುತ್ತಾರೆ. ಒಮ್ಮೆ ಬಲಗಿವಿಯ ಇಯರ್‌ಫೋನನ್ನು ಮಾತ್ರ ಹಾಕಿಕೊಂಡು ಮಲಗಿದ್ದಾಗ ಹಾಡುವವರೇ ಇಲ್ಲದ ಹಾಡೊಂದನ್ನು ಪೂರ್ತಿ ಕೇಳಿ, ಇದು ಕೇವಲ ವಾದ್ಯಸಂಗೀತವೆಂದು ನಾನು ನಂಬಿಬಿಟ್ಟಿದ್ದೆ. ಎಎಂ ರೇಡಿಯೋ ಮತ್ತು ಒಂದೇ ಸ್ಪೀಕರಿನ ಪ್ಲೇಯರ್‌ಗಳಿಗಾಗಿ ಮಾಡಿದ ಮೋನೋ ಮಿಶ್ರಣದಲ್ಲಿ ಎಲ್ಲವೂ ಒತ್ತಾಗಿ, ಒಂದೇ ಉಸಿರಿನಲ್ಲಿ ಬರುತ್ತದೆ. ಮೋಟೌನ್ ಎಂಬ ಅಮೆರಿಕದ ರೆಕಾರ್ಡ್ ಕಂಪನಿಯವರಂತೂ ಕಾರಿನ ರೇಡಿಯೋದಲ್ಲಿ ಹಾಡು ಹೇಗೆ ಕೇಳೀತೆಂದು ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದರು. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ಅವರಿಗೆ ಬಲಗಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರ 1966ರ 'ಪೆಟ್ ಸೌಂಡ್ಸ್' ಆಲ್ಬಮ್ ಮೋನೋದಲ್ಲಿಯೇ ಸಿದ್ಧವಾಯಿತು. ಮೋನೋ ಸಿಗುವ ಕಡೆ ಅದನ್ನೇ ಆರಿಸಿ, ದೊಡ್ಡ ಸ್ಪೀಕರಿನ ಹಂಗೂ ಬೇಡ.

ಉತ್ತರ (ನಗೆಮೊಗ)

ಮೂರನೆಯಚರಣ ಅವರ ಮಾತು ಚೆನ್ನಾಗಿದೆ, ಆದರೆ ಅವರು ಹೇಳಿದಂತೆಯೇ ಕಟ್ಟಿದರೆ ಮಧ್ಯಾಹ್ನವೆಲ್ಲ ಮೃತರ ಸ್ಮರಣೆಯಲ್ಲಿ ಕಳೆದುಹೋದೀತು. ನಗುವ ಹಾಡುಗಳಿಗೂ ಜಾಗವಿರಲಿ. ಎಡ್ಡಿ ಕಾಕ್ರನ್ ಅವರ 'ಸಮ್ಮರ್‌ಟೈಮ್ ಬ್ಲೂಸ್' (1958) ಎರಡೇ ನಿಮಿಷದ ಹಾಡು. ರಜೆಯಲ್ಲಿ ದುಡಿಯಬೇಕಾಗಿ ಬಂದ ಹುಡುಗ ತನ್ನ ದೂರನ್ನು ಜನಪ್ರತಿನಿಧಿಯವರೆಗೂ ಒಯ್ಯುತ್ತಾನೆ, ನಿನಗಿನ್ನೂ ಮತದ ವಯಸ್ಸಾಗಿಲ್ಲ ಎಂಬ ಉತ್ತರ ಪಡೆಯುತ್ತಾನೆ. ಅಮೆರಿಕದಲ್ಲಿ ಆಗ ಹೆಚ್ಚಿನ ರಾಜ್ಯಗಳಲ್ಲಿ ಮತದಾನಕ್ಕೆ 21 ವರ್ಷ ತುಂಬಬೇಕಿತ್ತು, ಅದು 18ಕ್ಕೆ ಇಳಿದದ್ದು 1971ರಲ್ಲಿ. ಹಾಡಿದವನಿಗೇ ಆಗ 19. ದಿ ಕಿಂಕ್ಸ್ ತಂಡದ 'ಸನ್ನಿ ಆಫ್ಟರ್‌ನೂನ್' (1966) ಹಾಡಿನಲ್ಲಿ ತೆರಿಗೆಯವರು ಎಲ್ಲವನ್ನೂ ಕೊಂಡೊಯ್ದ ಮೇಲೆ ಶ್ರೀಮಂತನೊಬ್ಬನಿಗೆ ಉಳಿಯುವುದು ಬಿಸಿಲೊಂದೇ, ಮತ್ತು ಕೆಳಗೆ ಕೆಳಗೆ ಇಳಿಯುವ ಆ ಬೇಸ್ ಗಿಟಾರ್ ಅವನಿಗಿಂತಲೂ ಸೋಮಾರಿ. ಮಾತೇ ಬೇಡವೆನಿಸಿದಾಗ ಪರ್ಸಿ ಫೇತ್ ಅವರ ವಾದ್ಯವೃಂದ ನುಡಿಸಿದ 'ಥೀಮ್ ಫ್ರಮ್ ಎ ಸಮ್ಮರ್ ಪ್ಲೇಸ್' ಇದೆಯಲ್ಲ. 1960ರಲ್ಲಿ ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದನ್ನು ಲಿಫ್ಟಿನ ಸಂಗೀತವೆಂದು ಹಂಗಿಸುವವರು ಹಂಗಿಸಲಿ, ನಿದ್ದೆ ಮಾತ್ರ ಸೊಗಸಾಗಿ ಬರುತ್ತದೆ.

ಮರುಮಾತು (ಹಳೆಯಕ್ಯಾಸೆಟ್)

ಎಲ್ಲರಿಗೂ ಧನ್ಯವಾದಗಳು. ಹುಡುಕಿ ನೋಡಿದೆ: ನಾನು ಕೇಳುತ್ತಿದ್ದುದು ಮರುಮುದ್ರಣವೇ, ವಿವರದ ತೀರಾ ಕೆಳಗಿನ ಸಾಲಿನಲ್ಲಿ ಸಣ್ಣದಾಗಿ ಬರೆದಿದ್ದರು. 1964ರ ಮೋನೋ ಮುದ್ರಣ ಸಿಕ್ಕಿತು. ಇಯರ್‌ಫೋನ್ ತೆಗೆದಿಟ್ಟು, ಫೋನಿನ ಸ್ಪೀಕರಿನಲ್ಲಿಯೇ ಕೇಳಿದೆ. ಪಲ್ಲವಿ ಮೈನರ್‌ಗೆ ಹೊರಳುವುದು ಇಷ್ಟು ವರ್ಷ ಕೇಳಿಯೂ ನನಗೆ ಗೊತ್ತಾಗಿರಲಿಲ್ಲ. ಇದೀಗ ಅದರ ಪಕ್ಕಕ್ಕೆ 'ಸಮ್ಮರ್ ಇನ್ ದಿ ಸಿಟಿ' ಸೇರಿಸಿದ್ದೇನೆ, ಓಟಿಸ್ ರೆಡ್ಡಿಂಗ್ ಕೊನೆಗೆ. ಇನ್ನು ಹದಿನೇಳು ಹಾಡುಗಳು ಬೇಕು.