ರಾಗಿ ಮೂಟೆಗೆ 80ಜಿ (ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ) ಸಿಗುತ್ತದೆಯೇ?

ಪ್ರಶ್ನೆ: ಅಪ್ಪ ಪ್ರತಿ ಸುಗ್ಗಿಯಲ್ಲೂ ಕಣದಲ್ಲಿ ರಾಶಿ ಅಳೆಯುವ ಮೊದಲೇ ಎರಡು ಮೂಟೆ ರಾಗಿ ತೆಗೆದಿಟ್ಟು, ತುಮಕೂರಿನ ಸಿದ್ಧಗಂಗಾ ಮಠದ ದಾಸೋಹಕ್ಕೆ ಕಳುಹಿಸುತ್ತಿದ್ದರು. ಈ ವರ್ಷದಿಂದ ಆ ಕೆಲಸ ನನ್ನದು. ನಾನು ಸಂಬಳದವನು. ಇದಕ್ಕೆ ತೆರಿಗೆ ವಿನಾಯಿತಿ ಉಂಟೇ? ಕೇಳಲು ನಾಚಿಕೆಯೇ, ಆದರೂ ಕೇಳುತ್ತಿದ್ದೇನೆ.

ಉತ್ತರ 1: ಇಲ್ಲ. ವಸ್ತುರೂಪದ ದಾನಕ್ಕೆ 80ಜಿ ಅನ್ವಯಿಸುವುದಿಲ್ಲ. ನಗದು ಕೊಟ್ಟರೂ 2000 ರೂಪಾಯಿ ದಾಟುವಂತಿಲ್ಲ. ಹೆಚ್ಚಿನದನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಅದೂ ಇಲ್ಲ.

ಉತ್ತರ 2: ರಾಗಿ ಮಾರಿ, ಬಂದ ಹಣವನ್ನು ಕಳುಹಿಸಿ, ರಸೀದಿ ಪಡೆಯಿರಿ. ಲಾರಿ ಬಾಡಿಗೆಯೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ಲೆಕ್ಕ ಸರಿಯಾಗಿದೆ ಸ್ವಾಮಿ. ಆದರೆ ನಿನ್ನೆ ಅಟ್ಟದ ಮೇಲೆ ಅಪ್ಪನ ದಬ್ಬಣ ಸಿಕ್ಕಿತು, ಕಣ್ಣಿನಲ್ಲಿ ಗೋಣಿದಾರ ಇನ್ನೂ ಇತ್ತು. ಮೂಟೆಯನ್ನೇ ಹೊಲಿಯುತ್ತೇನೆ.